ಪಚ್ಚಿಲೆಯ ಪುರಾವೃತ್ತ

ಕನ್ನಡ ಕರಾವಳಿಯ ಇತಿಹಾಸವು ಇದುವರೆಗೆ ಹೆಚ್ಚಾಗಿ ಹಡಗನ್ನೇರಿದ ಸರಕುಗಳ ಇತಿಹಾಸವಾಗಿಯೇ ಬಂದಿದೆ. ಬಸರೂರಿನಿಂದಲೂ ಮಂಗಳೂರಿನಿಂದಲೂ ಹೊರಟ ಅಕ್ಕಿ, ಗೇರುಸೊಪ್ಪೆಯ ಸೀಮೆಯ ಕರಿಮೆಣಸು, ಭಟಕಳದ ರೇವಿನಲ್ಲಿ ಇಳಿದು ವಿಜಯನಗರದ ಲಾಯಗಳಿಗೆ ನಡೆದುಹೋದ ಪಶ್ಚಿಮದೇಶದ ಕುದುರೆಗಳು, ಇವುಗಳ ವೃತ್ತಾಂತವನ್ನು ಶಾಸನಗಳೂ ಪರದೇಶದ ಯಾತ್ರಿಕರೂ ಪೋರ್ಚುಗೀಸರ ಕಡತಗಳೂ ನಮಗೆ ಹೇಳುತ್ತವೆ; ಏಕೆಂದರೆ ಸುಂಕ ತೆತ್ತ ವಸ್ತುವಿಗೆ ಲೆಕ್ಕವುಂಟು, ಲೆಕ್ಕವುಳ್ಳ ವಸ್ತುವಿಗೆ ಚರಿತ್ರೆಯುಂಟು. ಆದರೆ ಹಡಗಿಗೂ ಏರದೆ, ಹೇರೆತ್ತಿನ ಬೆನ್ನಿಗೂ ಏರದೆ, ತಾನು ಹುಟ್ಟಿದ ಬಂಡೆಯಿಂದ ಒಂದೆರಡು ಹರದಾರಿಯೊಳಗಿನ ಒಲೆಯ ಮೇಲೆಯೇ ತನ್ನ ಯಾತ್ರೆಯನ್ನು ಮುಗಿಸಿದ ಆಹಾರಕ್ಕೆ ಲೆಕ್ಕ ಬರೆಯುವವರು ಯಾರು? ಅಂತಹ ಆಹಾರಗಳಲ್ಲಿ ಅಗ್ರಗಣ್ಯವಾದುದು ಪಚ್ಚಿಲೆ. ನೀರಿನಿಂದ ಹೊರಬಂದ ಮೇಲೆ ಅದು ಬಹುಕಾಲ ಬದುಕಿರಲಾರದು. ಸತ್ತ ಮೇಲೆ ಭೋಜನಯೋಗ್ಯವಾಗಿ ಉಳಿಯಲಾರದು. ಈ ಒಂದು ಸ್ವಭಾವವೇ ಅದನ್ನು ಶತಮಾನಗಳ ಕಾಲ ದೂರದ ಸಂತೆಗಳಿಂದ ತಪ್ಪಿಸಿ, ಕಡಲಂಚಿನಲ್ಲಿ ದುಡಿದು ಉಣ್ಣುವವರ ಮನೆಯ ಸೊತ್ತನ್ನಾಗಿ ಉಳಿಸಿತೆಂಬುದೂ, ಅದರ ಚರಿತ್ರೆಯನ್ನು ಓದಬೇಕೆನ್ನುವವರು ಅಡುಗೆಮನೆಯ ವಿಧಿನಿಷೇಧಗಳನ್ನೇ ದಾಖಲೆಯೆಂದು ಭಾವಿಸಿ ಓದಬೇಕಾಗುವುದೆಂಬುದೂ ಈ ಲೇಖನದ ಅಭಿಪ್ರಾಯ.

ತುಳುನಾಡಿನಲ್ಲಿ ಪಚ್ಚಿಲೆಯೆಂದೂ, ಕನ್ನಡದಲ್ಲಿ ನೀಲಿಕಲ್ಲೆಂದೂ, ದಕ್ಷಿಣದ ಮಲಬಾರಿನಲ್ಲಿ ಕಲ್ಲುಮ್ಮಕ್ಕಾಯಿ ಅಥವಾ ಕಡುಕ್ಕವೆಂದೂ ಕರೆಯಿಸಿಕೊಳ್ಳುವ ಈ ಪ್ರಾಣಿಯನ್ನು ಯೂರೋಪಿನ ಶಾಸ್ತ್ರಜ್ಞ ಲಿನೇಯಸನು 1758ರಲ್ಲಿಯೇ ತನ್ನ ಜೀವಿಗಳ ಪಟ್ಟಿಯಲ್ಲಿ ಸೇರಿಸಿದ್ದನು. ಇಂದಿನ ಶಾಸ್ತ್ರದಲ್ಲಿ ಅದರ ಹೆಸರು ಪರ್ನಾ ವಿರಿಡಿಸ್. ಎರಡು ಚಿಪ್ಪುಗಳ ನಡುವೆ ಬಾಳುವ ಇದು ಮರುವಾಯಿಯಂತೆ ಕೆಸರುಮರಳಿನಲ್ಲಿ ಹುದುಗಿರುವುದಲ್ಲ. ತನ್ನ ದೇಹದಿಂದಲೇ ಸ್ರವಿಸಿದ ಗಟ್ಟಿಯಾದ ನಾರುಗಳಿಂದ ಬಂಡೆಯನ್ನು ಅಪ್ಪಿಕೊಂಡು, ತೆರೆಗಳ ಹೊಡೆತವನ್ನು ಸಹಿಸಿಕೊಂಡು, ಮೈಮೇಲೆ ಹಾಯುವ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮಸಸ್ಯಗಳನ್ನು ತಿಂದು ಬದುಕುತ್ತದೆ. ಉದ್ದಕ್ಕೂ ಮರಳೇ ಹಾಸಿರುವ ನಮ್ಮ ತೀರದಲ್ಲಿ ಬಂಡೆಗಳು ಅಲ್ಲಲ್ಲಿ ಮಾತ್ರ ತಲೆಯೆತ್ತಿವೆ. ಉಳ್ಳಾಲದ ಬಳಿಯ ಸೋಮೇಶ್ವರ, ಸುರತ್ಕಲ್ಲು, ಭಟಕಳ, ಕಾರವಾರ ಮೊದಲಾದ ಕಡೆಗಳಲ್ಲಿ ಇಂತಹ ಕಲ್ಲುತೀರಗಳೂ, ಕಡಲೊಳಗೆ ಕೆಲವು ನಡುಗಡ್ಡೆಗಳೂ ಇರುವುದರಿಂದ ಪಚ್ಚಿಲೆಯ ರಾಜ್ಯವು ಆದಿಯಿಂದಲೂ ಒಂದಕ್ಕೊಂದು ತಾಗದ ತುಂಡುಗಳಾಗಿಯೇ ಇದೆ. ಒಂದು ಊರಿನವರು ಧಾರಾಳವಾಗಿ ಉಣ್ಣುವ ಪದಾರ್ಥವನ್ನು ನಾಲ್ಕು ಹರದಾರಿ ಆಚೆಯ ಊರಿನವರು ಕಂಡಿರಲಿಕ್ಕೂ ಇಲ್ಲವೆಂಬ ಸಂಗತಿಗೆ ಇದೇ ಕಾರಣ.

ವಿದ್ವಾಂಸರ ಗ್ರಂಥಗಳಲ್ಲಿ ಈ ವರ್ಗದ ಜೀವಿಗಳಿಗೆ ಎಡೆಯೇ ಇಲ್ಲವೆನ್ನಲಾಗದು. ಸುಶ್ರುತಸಂಹಿತೆಯು ಜಲಚರಗಳನ್ನು ವಿಂಗಡಿಸುವಾಗ ಶಂಖ, ಶುಕ್ತಿ, ಶಂಬೂಕಗಳನ್ನು ಕೋಶಸ್ಥವೆಂಬ ಪ್ರತ್ಯೇಕ ಗಣದಲ್ಲಿ ಇರಿಸಿ ಅವುಗಳ ಮಾಂಸದ ಗುಣವನ್ನು ವಿಚಾರಿಸಿದೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿ ಮೀನು ಹಿಡಿಯುವ ವಿನೋದವನ್ನೂ ಮೀನು ಬೇಯಿಸುವ ಬಗೆಗಳನ್ನೂ ಸವಿಸ್ತಾರವಾಗಿ ಹೇಳುತ್ತದೆ. ಆದರೆ ಆ ರಾಜಧಾನಿಗೂ ಪಡುಗಡಲಿಗೂ ನಡುವೆ ಸಹ್ಯಾದ್ರಿಯೂ ಅದರಾಚೆಯ ವಿಸ್ತಾರವಾದ ಬಯಲೂ ಇದ್ದುದರಿಂದ, ಬಂಡೆಯಿಂದ ಕಿತ್ತ ಪಚ್ಚಿಲೆಯು ಜೀವಂತವಾಗಿ ಅಲ್ಲಿನ ಪಾಕಶಾಲೆಯನ್ನು ಮುಟ್ಟುವ ಉಪಾಯವೇ ಇರಲಿಲ್ಲ. ಕನ್ನಡದ ಹಳೆಯ ಪಾಕಗ್ರಂಥವಾದ ಸೂಪಶಾಸ್ತ್ರವನ್ನು ರಚಿಸಿದ ಮೂರನೆಯ ಮಂಗರಸನು ಜೈನನಾದುದರಿಂದ ಅವನ ಒಲೆಯ ಮೇಲೆ ಸಸ್ಯಾಹಾರವಲ್ಲದೆ ಬೇರೊಂದು ಏರಲಿಲ್ಲ. ಹೀಗೆ ಬರೆಯಬಲ್ಲವರಿಗೆ ಅದು ಸಿಕ್ಕಲಿಲ್ಲ, ಇಲ್ಲವೆ ಸಲ್ಲಲಿಲ್ಲ. ಸಿಕ್ಕಿ ಸಂದವರು ಅದನ್ನು ಬರೆದಿಡಲಿಲ್ಲ.

ಬರೆದಿಡದಿದ್ದರೂ ಅವರು ಬಲ್ಲವರಾಗಿದ್ದರು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವು ಹೇಗೆ ಮಿಕ್ಕ ದಿನಗಳಿಗಿಂತ ಹೆಚ್ಚಾಗಿ ಏರುವುದೋ ಹಾಗೆಯೇ ಇಳಿತವೂ ಹೆಚ್ಚಾಗಿ ಇಳಿದು, ಬೇರೆ ದಿನಗಳಲ್ಲಿ ನೀರೊಳಗೇ ಇರುವ ಬಂಡೆಯ ಮೈ ಕೆಲವು ಗಳಿಗೆ ಬಯಲಾಗುತ್ತದೆ. ಆ ಹೊತ್ತನ್ನು ಪಂಚಾಂಗ ನೋಡದೆಯೇ ಅರಿತ ಹೆಂಗಸರು ಬುಟ್ಟಿಯನ್ನೂ ಕತ್ತಿಯನ್ನೂ ಹಿಡಿದು ಹೊರಟು, ಪಾಚಿಯಿಂದ ಜಾರುವ ಕಲ್ಲುಗಳ ಮೇಲೆ ಬೆನ್ನಿಗೆ ತೆರೆ ಬಡಿಯುತ್ತಿರಲು ಗೊಂಚಲುಗಳನ್ನು ಎಬ್ಬಿ ತರುತ್ತಿದ್ದರು. ನೀರು ಆಳವಿದ್ದಲ್ಲಿ ಗಂಡಸರು ಮುಳುಗಿ ಉಳಿಯಿಂದ ಕಿತ್ತು, ಸೊಂಟಕ್ಕೆ ಕಟ್ಟಿದ ಬಲೆಯ ಚೀಲದಲ್ಲಿ ತುಂಬಿಕೊಳ್ಳುವ ಪದ್ಧತಿ ಮಲಬಾರಿನ ತೀರದಲ್ಲಿ ಒಂದು ವೃತ್ತಿಯಾಗಿಯೇ ಬೆಳೆದಿದೆ. ದೋಣಿ ಬೇಡ, ಬಲೆಯ ಬಂಡವಾಳ ಬೇಡ, ಸಾಲ ಕೊಟ್ಟ ಸಾಹುಕಾರನ ಹಂಗು ಬೇಡ. ಕಲ್ಲಿಗೆ ಕಂದಾಯವಿಲ್ಲ, ನೀರಿಗೆ ಒಡೆಯನಿಲ್ಲ. ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ ಮೊದಲಾದ ಕಡಲು ನಂಬಿದವರಷ್ಟೇ ಅಲ್ಲದೆ, ಉತ್ತರ ಕನ್ನಡದ ಅಳಿವೆಗಳ ದಂಡೆಯಲ್ಲಿ ಹಾಲಕ್ಕಿ ಒಕ್ಕಲಿಗರಂತಹ ಬೇಸಾಯಗಾರರೂ ಚಿಪ್ಪು ಆರಿಸಲು ಇಳಿಯುತ್ತಿದ್ದುದು ಈ ಸೌಲಭ್ಯದಿಂದಲೇ. ಬಲೆಗೆ ಮೀನು ಬೀಳದ ದಿನವೂ ಗಂಜಿಯ ಪಕ್ಕದಲ್ಲಿ ಏನಾದರೊಂದು ಇರಬೇಕೆಂಬ ಬಡವನ ನ್ಯಾಯವಾದ ಆಸೆಗೆ ಬಂಡೆಯು ಆಧಾರವಾಗಿ ನಿಂತಿತು.

ಮೀನಿನ ಕಥೆಯೊಡನೆ ಹೋಲಿಸಿ ನೋಡಿದರೆ ಪಚ್ಚಿಲೆಯ ಈ ಸ್ಥಾವರಗುಣ ಇನ್ನಷ್ಟು ಸ್ಪಷ್ಟವಾದೀತು. ಬಂಗುಡೆಯೂ ಬೂತಾಯಿಯೂ ಉಪ್ಪನ್ನು ಹೀರಿ, ಬಿಸಿಲಿನಲ್ಲಿ ಒಣಗಿ, ತಿಂಗಳುಗಟ್ಟಲೆ ಕೆಡದೆ ಘಟ್ಟವನ್ನು ಹತ್ತಿ ಬಯಲುಸೀಮೆಯ ಸಂತೆಗಳನ್ನು ಸೇರಬಲ್ಲವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರಕಾರವು ಪಶ್ಚಿಮತೀರದಲ್ಲಿ ಮೀನು ಉಪ್ಪು ಹಾಕುವ ಕಟ್ಟೆಗಳನ್ನು ತೆರೆದು, ಅಲ್ಲಿಗೆ ಸುಂಕವಿಲ್ಲದ ಉಪ್ಪನ್ನು ಒದಗಿಸಿದ ಮೇಲಂತೂ ಆ ವ್ಯಾಪಾರವು ಸರಕಾರಿ ದಫ್ತರಿನ ವಿಷಯವೇ ಆಯಿತು. ಪಚ್ಚಿಲೆಗೆ ಈ ಭಾಗ್ಯ ಬರಲಿಲ್ಲ. ಒದ್ದೆಯಾದ ಗೋಣಿಯನ್ನು ಹೊದಿಸಿ ನೆರಳಿನಲ್ಲಿ ಇಟ್ಟರೆ ಒಂದು ಹಗಲೋ ಒಂದು ರಾತ್ರಿಯೋ ಬದುಕಿದ್ದೀತು. ಅದಕ್ಕಿಂತ ದೂರದ ದಾರಿ ಅದಕ್ಕೆ ನಿಷಿದ್ಧ. ತಲೆಹೊರೆಯಲ್ಲಿ ಮೀನು ಮಾರುವ ಹೆಂಗಸು ಬೆಳಗಿನಿಂದ ಮಧ್ಯಾಹ್ನದೊಳಗೆ ಎಷ್ಟು ದೂರ ನಡೆಯಬಲ್ಲಳೋ ಅಷ್ಟೇ ಅದರ ಮಾರುಕಟ್ಟೆಯ ಎಲ್ಲೆಯಾಗಿತ್ತು.

ಮನೆಗೆ ಬಂದ ಪಚ್ಚಿಲೆಯನ್ನು ಅಟ್ಟು ಉಣ್ಣುವ ವಿಧಾನವು ಈ ಸ್ವಭಾವದ ಸುತ್ತಲೇ ಹೆಣೆದುಕೊಂಡಿದೆ. ಮೊದಲನೆಯ ವಿಧಿ ಜೀವಪರೀಕ್ಷೆ. ಬಾಯಿ ತೆರೆದಿರುವ ಚಿಪ್ಪನ್ನು ಇನ್ನೊಂದು ಚಿಪ್ಪಿನಿಂದ ತಟ್ಟಿದಾಗ ಅದು ಮೆಲ್ಲನೆ ಮುಚ್ಚಿಕೊಂಡರೆ ಗ್ರಾಹ್ಯ, ಮುಚ್ಚದಿದ್ದರೆ ತ್ಯಾಜ್ಯ. ಒಡೆದುದೂ, ಗಾತ್ರಕ್ಕೆ ಮೀರಿ ತೂಗುವುದೂ ತ್ಯಾಜ್ಯವೇ, ಏಕೆಂದರೆ ಮಾಂಸ ಸತ್ತ ಚಿಪ್ಪಿನೊಳಗೆ ಕೆಸರು ತುಂಬಿರುವುದುಂಟು. ಎರಡನೆಯದು ಶೌಚ: ಉಪ್ಪುನೀರಿನಲ್ಲಿ ಕೆಲಹೊತ್ತು ಬಿಟ್ಟರೆ ಹೊಟ್ಟೆಯ ಮರಳನ್ನು ಅದು ತಾನಾಗಿ ಕಾರುತ್ತದೆ, ಸಿಹಿನೀರಿನಲ್ಲಿ ಬಿಟ್ಟರೆ ಸತ್ತೇ ಹೋಗುತ್ತದೆ. ಅನಂತರ ಮೈಮೇಲಿನ ಸುಣ್ಣದಂತಹ ಬೊಕ್ಕೆಗಳನ್ನು ಕತ್ತಿಯಿಂದ ಹೆರೆದು, ತೆಂಗಿನ ನಾರಿನಿಂದ ಉಜ್ಜಿ, ಬಂಡೆಯನ್ನು ಹಿಡಿದಿದ್ದ ನಾರಿನ ಕುಚ್ಚನ್ನು ಒಲೆಗೆ ಇಡುವ ಹೊತ್ತಿನಲ್ಲಿಯೇ ಎಳೆದು ಕೀಳತಕ್ಕದ್ದು. ಮುಂಚಿತವಾಗಿ ಕಿತ್ತರೆ ಪ್ರಾಣಿಗೆ ಗಾಯವಾಗಿ ಬೇಗ ಸಾಯುತ್ತದೆ. ಮೂರನೆಯದು ಪಾಕ: ಅಳಗೆಯಲ್ಲಿ ಪಚ್ಚಿಲೆಯನ್ನು ತುಂಬಿ, ನೀರನ್ನು ಹೊಯ್ಯದೆ, ಅಥವಾ ತಳ ನೆನೆಯುವಷ್ಟು ಮಾತ್ರ ಹೊಯ್ದು, ಮುಚ್ಚಳವನ್ನು ಬಿಗಿದು ಉರಿಯನ್ನು ಹೆಚ್ಚಿಸಿದರೆ, ಕೆಲವು ನಿಮಿಷಗಳಲ್ಲಿ ಚಿಪ್ಪುಗಳು ತಾವಾಗಿ ಬಿಚ್ಚಿಕೊಂಡು, ಒಳಗಿದ್ದ ಕಡಲಿನ ನೀರೇ ಅಳಗೆಯಲ್ಲಿ ರಸವಾಗಿ ನಿಲ್ಲುತ್ತದೆ. ಬಿಚ್ಚದೆ ಉಳಿದುದನ್ನು ಎಸೆಯುವುದು ಎಲ್ಲ ಮನೆಗಳ ಸಂಪ್ರದಾಯ. ಬೆಣ್ಣೆಯ ಬಣ್ಣದ ಮಾಂಸವುಳ್ಳದ್ದು ಗಂಡು, ಕೇಸರಿ ಬಣ್ಣದ್ದು ಹೆಣ್ಣು. ರಸವನ್ನು ಬಟ್ಟೆಯಲ್ಲಿ ಸೋಸಿ ಮರಳನ್ನು ತೆಗೆದು ಮತ್ತೆ ಅಡುಗೆಗೆ ಸೇರಿಸುವುದರಿಂದ, ಉಪ್ಪನ್ನು ಹಾಕುವ ಮುನ್ನ ಒಮ್ಮೆ ನಾಲಗೆಗೆ ಮುಟ್ಟಿಸಿ ನೋಡುವುದು ಬುದ್ಧಿವಂತೆಯ ಲಕ್ಷಣ. ಅತಿಯಾಗಿ ಬೆಂದರೆ ಮಾಂಸವು ಬಿರುಸಾಗಿ ಹಲ್ಲಿಗೆ ಸೊಪ್ಪು ಹಾಕದೆ ಉಳಿಯುವುದರಿಂದ, ಮಸಾಲೆಯನ್ನು ಮೊದಲು ಹದಗೊಳಿಸಿ ಮಾಂಸವನ್ನು ಕಡೆಯಲ್ಲಿ ಬೆರೆಸುವ ಕ್ರಮವು ರೂಢವಾಯಿತು.

ಆ ಮಸಾಲೆಯಲ್ಲಿಯೇ ಕರಾವಳಿಯ ನಾಲ್ಕೈದು ಶತಮಾನಗಳ ವ್ಯಾಪಾರದ ಗುರುತುಗಳಿವೆ. ಇಂದಿನ ಪಚ್ಚಿಲೆ ಸುಕ್ಕಕ್ಕೆ ಕೊತ್ತಂಬರಿ, ಜೀರಿಗೆ, ಮೆಂತ್ಯ, ಬೆಳ್ಳುಳ್ಳಿ, ಅರಸಿನ, ಒಣಮೆಣಸುಗಳನ್ನು ಹುರಿದು, ತೆಂಗಿನ ತುರಿಯೊಡನೆ ತರಿತರಿಯಾಗಿ ಅರೆದು, ಕೊಬ್ಬರಿ ಎಣ್ಣೆಯಲ್ಲಿ ಬಾಡಿಸಿದ ನೀರುಳ್ಳಿಗೆ ಬೆರೆಸುತ್ತಾರೆ. ಇವುಗಳಲ್ಲಿ ಒಣಮೆಣಸು ಅಮೆರಿಕ ಖಂಡದ ಸಸ್ಯ; ಪೋರ್ಚುಗೀಸರು ಈ ತೀರಕ್ಕೆ ಬಂದ ಮೇಲೆ, ಎಂದರೆ ಹದಿನಾರನೆಯ ಶತಮಾನದಿಂದ ಈಚೆಗೆ, ಇಲ್ಲಿ ಬೇರೂರಿದುದು. ಅದಕ್ಕೆ ಮೊದಲು ಖಾರವನ್ನು ಕೊಟ್ಟುದು ಕರಿಮೆಣಸು. ಅದೇ ಕರಿಮೆಣಸಿನ ವ್ಯಾಪಾರದಿಂದಾಗಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಪರದೇಶದವರು ಹಡಗು ಕಟ್ಟಿ ಅರಸಿ ಬಂದ ದ್ರವ್ಯವು ಬಂಡೆಯ ಬುಡದ ಬಡವನ ಅಳಗೆಗೆ ಹಿತ್ತಿಲಿನ ಬಳ್ಳಿಯಿಂದಲೇ ಬಂದೀತು. ಹುಳಿಗೆ ಹುಣಸೆಯೂ ಪುನರ್ಪುಳಿಯೂ ಇದ್ದುವು. ತೆಳ್ಳಗೆ ಕಡೆದ ತೆಂಗಿನ ಅರಪ್ಪಿನಲ್ಲಿ ಗಸಿಯನ್ನು ಮಾಡಿ ನೀರುದೋಸೆಯೊಡನೆ ಉಣ್ಣುವುದು ಬಿಡುವಿನ ದಿನದ ಊಟ. ಚಿಪ್ಪುಮಾಂಸದ ಗಸಿಯಲ್ಲಿ ಅಕ್ಕಿಯ ಸಣ್ಣ ಉಂಡೆಗಳನ್ನು ಹಾಕಿ ಕುದಿಸುವ ಪುಂಡಿ ಹಬ್ಬದ ಸಡಗರಕ್ಕೆ ಸಮೀಪವಾದುದು. ದುಡಿತದ ದಿನಕ್ಕೆ ಕುಚ್ಚಲಕ್ಕಿ ಗಂಜಿಯೂ ಒಂದು ಹಿಡಿ ಸುಕ್ಕವೂ ಸಾಕು. ಮಲಬಾರಿನ ಮಾಪಿಳ್ಳೆಯರ ಮನೆಗಳಲ್ಲಿ ಚಿಪ್ಪನ್ನು ಅರೆ ಬಿಚ್ಚಿ, ತೆಂಗಿನಕಾಯಿಯೊಡನೆ ಅರೆದ ಅಕ್ಕಿಹಿಟ್ಟನ್ನು ಒಳಗೆ ತುಂಬಿ, ಹಬೆಯಲ್ಲಿ ಬೇಯಿಸಿ, ಮೆಣಸಿನ ಲೇಪದಲ್ಲಿ ಕರಿಯುವ ಅರಿಕ್ಕಡುಕ್ಕವು ಇದೇ ಪದಾರ್ಥಕ್ಕೆ ದೊರೆತ ಇನ್ನೊಂದು ಸಂಸ್ಕಾರ. ಇವೆಲ್ಲದರಲ್ಲಿಯೂ ಸಮಾನವಾಗಿರುವುದು ಅಕ್ಕಿ ಮತ್ತು ತೆಂಗು: ಬಂಡೆಯ ಬೆನ್ನಿಗೇ ಇರುವ ಗದ್ದೆಯೂ ತೋಟವೂ ಕೊಟ್ಟವು.

ಅಡುಗೆಮನೆಯ ಇನ್ನೊಂದು ನಿಷೇಧ ಋತುವಿಗೆ ಸಂಬಂಧಿಸಿದುದು. ಮಳೆಗಾಲದಲ್ಲಿ ಪಚ್ಚಿಲೆಯನ್ನು ತರಬಾರದೆಂದು ಹಿರಿಯರು ಕಟ್ಟು ಮಾಡಿದ್ದರು. ಆಗ ಕಡಲು ಕೆರಳಿ ಬಂಡೆಯ ಮೇಲೆ ನಿಲ್ಲುವುದೇ ಪ್ರಾಣಾಪಾಯ; ಅಳಿವೆಗಳಿಗೆ ನೆರೆಯ ಸಿಹಿನೀರು ನುಗ್ಗಿ ಚಿಪ್ಪುಜೀವಿಗಳು ಸಾಯುತ್ತವೆ; ಬದುಕಿದವು ಸಂತಾನೋತ್ಪತ್ತಿಯಲ್ಲಿ ಮೈ ಬತ್ತಿ ರುಚಿಗೆಟ್ಟಿರುತ್ತವೆ. ಮಳೆ ನಿಂತ ಮೇಲೆ ಹೊಸ ಮರಿಗಳು ಬಂಡೆಗಳ ಮೇಲೆ ಕೂತು ಬೇಸಗೆಯೊಳಗೆ ಬಲಿಯುತ್ತವೆ. ಉಣ್ಣುವವನ ಕ್ಷೇಮ, ತರುವವಳ ಕ್ಷೇಮ, ತಳಿಯ ಕ್ಷೇಮ, ಈ ಮೂರನ್ನೂ ಒಂದೇ ಮಾತಿನಲ್ಲಿ ಕಾಯುವ ಈ ಕಟ್ಟಳೆಯ ವಿವೇಕವು ಮೆಚ್ಚತಕ್ಕದ್ದು. ಆದರೂ ಸಂಪ್ರದಾಯದ ಅರಿವಿಗೆ ಮಿತಿಯುಂಟೆಂಬುದನ್ನು ಮರೆಯಲಾಗದು. ನೀರನ್ನು ಸೋಸುವ ಪ್ರಾಣಿಯು ನೀರಿನಲ್ಲಿರುವ ವಿಷವನ್ನೂ ತನ್ನಲ್ಲಿ ಶೇಖರಿಸಿಕೊಳ್ಳುತ್ತದೆ. ಕೆಲವು ಸೂಕ್ಷ್ಮಸಸ್ಯಗಳ ವಿಷವು ಕುದಿಸಿದರೂ ನಾಶವಾಗದು, ಜೀವಪರೀಕ್ಷೆಯಲ್ಲಿಯೂ ಕಾಣದು. 1983ರಲ್ಲಿ ಕುಂಬಳೆಯ ಅಳಿವೆಯ ಚಿಪ್ಪುಮಾಂಸವನ್ನು ತಿಂದವರಲ್ಲಿ ಅಂಗಗಳು ಮರಗಟ್ಟುವ ವಿಷಬಾಧೆ ಕಾಣಿಸಿಕೊಂಡಾಗ, ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಅದನ್ನು ಪರೀಕ್ಷಿಸಿ ಪ್ರಕಟಿಸಿದರು. ಅಡುಗೆಮನೆಯ ಶಾಸ್ತ್ರಕ್ಕೆ ಪ್ರಯೋಗಶಾಲೆಯ ನೆರವು ಬೇಕಾದ ಕಾಲ ಅಂದೇ ಬಂದಿತ್ತು.

ಮಾಂಸವು ಹೀಗೆ ತೀರದಲ್ಲಿಯೇ ಉಳಿದರೂ ಚಿಪ್ಪಿನ ಗತಿ ಬೇರೆಯಾಯಿತು. ಮುರಕಲ್ಲಿನ ನಾಡಾದ ಕರಾವಳಿಯಲ್ಲಿ ಸುಣ್ಣಕಲ್ಲು ದುರ್ಲಭ. ಆದುದರಿಂದ ಗೋಡೆಗೆ ಬಳಿಯುವುದಕ್ಕೂ ಕಲ್ಲುಗಳನ್ನು ಬೆಸೆಯುವುದಕ್ಕೂ ಬೇಕಾದ ಸುಣ್ಣವು ಚಿಪ್ಪನ್ನು ಸುಟ್ಟೇ ಬರಬೇಕಾಗಿತ್ತು. ಪಚ್ಚಿಲೆಯ ಚಿಪ್ಪು ತೆಳುವಾದುದರಿಂದ ಸುಣ್ಣದ ಗೂಡುಗಳಿಗೆ ಹೇರಳವಾಗಿ ಹೋದುದು ಅದರ ದಾಯಾದಿಗಳಾದ ಮರುವಾಯಿ ಮೊದಲಾದವುಗಳ ದಪ್ಪ ಚಿಪ್ಪು. ಆದರೆ ಉಂಡು ಎಸೆದ ರಾಶಿಯಲ್ಲಿ ಎಲ್ಲವೂ ಬೆರೆತೇ ಇರುತ್ತಿದ್ದುವು. ಆ ಸುಣ್ಣವೇ ವೀಳ್ಯದೆಲೆಯ ಬೆನ್ನಿಗೆ ಸವರಿಸಿಕೊಂಡು ತಾಂಬೂಲವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದ ತರುವಾಯ, ಚಿಪ್ಪಿನ ಸುಣ್ಣವು ಅಡಕೆ ತೋಟಗಳಿಗೂ ಹೋಯಿತು. ಚಿಪ್ಪುಮಾಂಸದ ಹೆಸರೆತ್ತಿದರೆ ಮೂಗು ಮುರಿಯುವ ಮನೆಯ ಜಗಲಿಯಲ್ಲಿಯೂ ಆ ಚಿಪ್ಪಿನ ಭಸ್ಮವು ಹರಿವಾಣದಲ್ಲಿ ಗೌರವದ ಸ್ಥಾನವನ್ನು ಪಡೆದಿತ್ತೆಂಬುದು ಸಮಾಜದ ವಿನೋದಗಳಲ್ಲೊಂದು. ಬಾಳಿಕೆಯುಳ್ಳ ಅರ್ಧವು ಬೆಲೆಯನ್ನೂ ದಾರಿಯನ್ನೂ ಕಂಡಿತು. ಬಾಳಿಕೆಯಿಲ್ಲದ ಅರ್ಧವು ಬಡವನ ತಟ್ಟೆಯಲ್ಲುಳಿಯಿತು.

ಈ ಶತಮಾನಗಳ ಸ್ಥಿತಿ ಸಡಿಲವಾದುದು ಈಚೆಗೆ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿ, ದಕ್ಷಿಣ ಕನ್ನಡವು ಮದರಾಸಿನಲ್ಲಿಯೇ ಉಳಿದಿತ್ತಷ್ಟೆ. ಆ ಮದರಾಸು ಪ್ರಾಂತದ ಮೀನುಗಾರಿಕಾ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ಲರು 1910ರ ದಶಕದಲ್ಲಿ ಪ್ರಾಂತದ ತಿನ್ನಬಹುದಾದ ಚಿಪ್ಪುಜೀವಿಗಳನ್ನು ಕುರಿತು ಬರೆದ ಪ್ರಬಂಧವು, ಹೆಂಗಸರ ಬುಟ್ಟಿಯಲ್ಲಿದ್ದ ವಸ್ತುವನ್ನು ಸರಕಾರದ ಗಮನಕ್ಕೆ ತಂದ ಮೊದಲ ಪ್ರಯತ್ನಗಳಲ್ಲೊಂದು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಇದನ್ನು ಹಗ್ಗದ ಮೇಲೆ ಬೆಳೆಸುವ ಪ್ರಯೋಗಗಳನ್ನು ಕೈಗೊಂಡಿತು. ಮರಿಗಳನ್ನು ಹಗ್ಗದ ಸುತ್ತ ಹರಡಿ, ನೀರಿನಲ್ಲಿ ಬೇಗನೆ ಕೊಳೆಯುವ ತೆಳುವಾದ ಹತ್ತಿಬಟ್ಟೆಯನ್ನು ಸುತ್ತಿ ಹೊಲಿದು, ಅಳಿವೆಯಲ್ಲಿ ನೆಟ್ಟ ಬಿದಿರಿನ ಚೌಕಟ್ಟಿನಿಂದ ತೂಗುಬಿಟ್ಟರೆ, ಬಟ್ಟೆ ಕರಗುವುದರೊಳಗೆ ಮರಿಗಳು ನಾರನ್ನು ಬಿಟ್ಟು ಹಗ್ಗವನ್ನೇ ಬಂಡೆಯೆಂದು ಹಿಡಿದುಕೊಂಡು, ಐದಾರು ತಿಂಗಳುಗಳಲ್ಲಿ ಕೊಯ್ಲಿಗೆ ಬರುತ್ತವೆ. ಮಳೆ ಬೀಳುವ ಮುನ್ನ ಕೊಯ್ಲು ಮುಗಿಯಲೇಬೇಕು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನ ಸೀಮೆಯಲ್ಲಿ, ಚೆರುವತ್ತೂರು ಪಡನ್ನಗಳ ಹಿನ್ನೀರಿನಲ್ಲಿ, 1990ರ ದಶಕದಿಂದ ಮಹಿಳೆಯರ ಸಂಘಗಳು ಈ ಕೃಷಿಯನ್ನು ದೊಡ್ಡದಾಗಿ ನಡೆಸಿದುವು; ಅಲ್ಲಿಂದ ಅದು ಮೂಲ್ಕಿ, ಬೈಂದೂರುಗಳ ಅಳಿವೆಗಳಿಗೂ ಬಂದಿತು. ಮಂಜುಗಡ್ಡೆಯೂ ರಸ್ತೆಯೂ ರೈಲೂ ಕೂಡಿ ಕೊಯ್ಲಾದ ಮಾಂಸವನ್ನು ಈಗ ಬೆಂಗಳೂರಿನವರೆಗೂ ಒಯ್ಯುತ್ತವೆ.

ಬಂಡೆಯ ಮೇಲೆ ಬೆಳೆದುದಕ್ಕೂ ಹಗ್ಗದ ಮೇಲೆ ಬೆಳೆದುದಕ್ಕೂ ರುಚಿಯಲ್ಲಿ ಹೆಚ್ಚು ಅಂತರವಿರಲಿಕ್ಕಿಲ್ಲ, ಆದರೆ ಹಕ್ಕಿನಲ್ಲಿ ಅಂತರವುಂಟು. ಹಗ್ಗಕ್ಕೆ ಯಜಮಾನನಿದ್ದಾನೆ, ಚೌಕಟ್ಟು ನಿಂತ ನೀರಿಗೆ ಗಡಿ ಬೀಳುತ್ತದೆ, ಬೆಲೆ ಬಂದ ಕೂಡಲೆ ಲೆಕ್ಕವೂ ಬರುತ್ತದೆ. ಲೆಕ್ಕದಿಂದ ಲಾಭವೂ ಇಲ್ಲದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕುಮಟೆಯ ಬಳಿಯ ಅಘನಾಶಿನಿ ಅಳಿವೆಯನ್ನು ಅಭ್ಯಾಸ ಮಾಡಿ, ಅಲ್ಲಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಬರುತ್ತವೆಂದೂ, 2,300ಕ್ಕೂ ಹೆಚ್ಚು ಜನ ಅದರ ಕೆಲಸದಲ್ಲಿದ್ದಾರೆಂದೂ 2008ರ ವೇಳೆಗೆ ಅಂದಾಜು ಮಾಡಿದಾಗ, ಬರಿಯ ಕೆಸರೆಂದು ಕಾಣುತ್ತಿದ್ದ ಭೂಮಿಯು ಸಾವಿರಾರು ಒಲೆಗಳನ್ನು ಉರಿಸುತ್ತಿರುವುದು ನಾಡಿಗೆ ತಿಳಿಯಿತು. 2024ರಲ್ಲಿ ಆ ಅಳಿವೆಯು ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಯಲ್ಲಿ ಸೇರಿತು. ಆದರೆ ಆ ಲೆಕ್ಕದಲ್ಲಿ ಬರುವುದು ಟನ್ನುಗಳು ಮತ್ತು ರೂಪಾಯಿಗಳು. ಇಳಿತದ ಹೊತ್ತಿನಲ್ಲಿ ಯಾರೂ ಕೇಳದೆ ಯಾರಿಗೂ ಕೊಡದೆ ಬಂಡೆಗೆ ಇಳಿಯಬಹುದಾಗಿದ್ದ ಹೆಂಗಸಿನ ಅಧಿಕಾರವು ಯಾವ ಅಂಕಣದಲ್ಲಿಯೂ ನಮೂದಾಗಿಲ್ಲ. ಸರಕಾರವು ಅಳಿವೆಯ ನೀರನ್ನು ಗುತ್ತಿಗೆಗೆ ವಿಂಗಡಿಸುವ ದಿನ ಬಂದರೆ, ಬರೆಹದ ದಾಖಲೆ ಉಳ್ಳವನು ಮುಂದೆ ನಿಲ್ಲುವನು, ಇಲ್ಲದವಳು ಹಿಂದೆ ಸರಿಯಬೇಕಾಗುವುದು. ಆದಕಾರಣ ಪಚ್ಚಿಲೆಯ ಚರಿತ್ರೆಯನ್ನು ಬರೆಯುವುದು ಕೇವಲ ರುಚಿಯ ಕುತೂಹಲವಾಗಿ ಉಳಿಯಲಾರದು. ಯಾವ ಬಂಡೆಗೆ ಯಾವ ಊರಿನವರು ಯಾವ ತಿಂಗಳಲ್ಲಿ ಇಳಿಯುತ್ತಿದ್ದರು, ಯಾವ ಕಟ್ಟಳೆಯಿಂದ ಬಿಟ್ಟು ತೆಗೆಯುತ್ತಿದ್ದರು ಎಂಬುದನ್ನು ಬಲ್ಲ ಅಜ್ಜಿಯರು ಇನ್ನೂ ಇರುವಾಗಲೇ ಕೇಳಿ ಬರೆದುಕೊಂಡರೆ, ಅದು ಅವರ ಮೊಮ್ಮಕ್ಕಳಿಗೆ ಹಕ್ಕುಪತ್ರವಾಗಿ ಉಪಯೋಗಕ್ಕೆ ಬಂದೀತು.